ತಂಬಾಕಿಗೆ ಗೊಬ್ಬರ ಬುಡಕ್ಕೋ, ಪಕ್ಕಕ್ಕೋ?

ಪ್ರಶ್ನೆ (ಹಾವೇರಿ): ನಾಟಿ ಆಗಿ 10 ದಿನ. ಬುಡಕ್ಕ ಯೂರಿಯಾ, ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಶ್ ಅನ್ನೋ ಪೊಟ್ಯಾಶ್ ಗೊಬ್ಬರ) ಬಿದ್ದ ಸಾಲಿನಾಗ ಎಲಿ ಅಂಚು ಸುಟ್ಟಾವ, ಬೇರಿನ ತುದಿ ಕಂದಾಗೈತಿ. ಉಳಿದ ಸಾಲು ಚಲೋ ಅದಾವ. ಯಾಕ್ರಿ?

ಉತ್ತರ 1: ಅದು ಉಪ್ಪಿನ ಸುಡು. ಗೊಬ್ಬರ ಬುಡದಾಗ ಕರಗಿದ್ರ ಎಳೇ ಬೇರು ನೀರು ಹೀರಂಗಿಲ್ಲ, ಇದ್ದದ್ದೂ ಹೊರಗ ಹೋಗ್ತೈತಿ. ಸಸಿಯಿಂದ 10 ಸೆಂ.ಮೀ. ದೂರ, 10 ಸೆಂ.ಮೀ. ಆಳ ಗೂಟದಿಂದ ಕುಣಿ ಹೊಡೆದು ಹಾಕಿ ಮಣ್ಣು ಮುಚ್ರಿ. ಸುಟ್ಟ ಸಾಲಿಗೆ ಈಗ ನೀರು ಬಿಡ್ರಿ.

ಉತ್ತರ 2: ಮ್ಯಾಲ ಚೆಲ್ಲೂದೂ ದಂಡ. ಯೂರಿಯಾ ಅಮೋನಿಯಾ ಆಗಿ ಹಾರ್ತೈತಿ. ರಂಜಕ ಬಿದ್ದಲ್ಲೇ ಕುಂತು ಬಿಡ್ತೈತಿ. ಎರಿ (ಕಪ್ಪು ಮಣ್ಣಿನ) ಹೊಲದಾಗಂತೂ ಮಣ್ಣಿನ ಸುಣ್ಣ ಅದನ್ನ ಹಿಡಕೊಂತೈತಿ.

ಉತ್ತರ 3: ಜಾಗಾ ಇರ್ಲಿ, ಎಂಒಪಿ ಯಾಕ ಹಾಕಿದ್ರಿ? ಅದರ ಕ್ಲೋರೈಡ್ ಎಲಿಗೆ ಸೇರಿದ್ರ ಒಣಗಿದ ತಂಬಾಕು ಸರಿಯಾಗಿ ಉರಿಯಂಗಿಲ್ಲ, ತೇವ ಎಳಕೊಂತೈತಿ. ಸಲ್ಫೇಟ್ ಪೊಟ್ಯಾಶ್ ತುಟ್ಟಿ ಖರೆ, ಆದ್ರ ಅದನ್ನ ಹಾಕ್ರಿ.