ರಕ್ತಕಣ, ರಾಗಿ ಕಣ, ಚುನಾವಣಾ ಕಣ: ಎಲ್ಲಾ ಒಂದೇ ಕಣನಾ?

ಎಂಟನೇ ಕ್ಲಾಸಪ್ಪ: ಮಗಳು ನಿನ್ನೆ ವಿಜ್ಞಾನ ಓದ್ತಾ ಕೇಳಿದ್ಲು, ಬೇರೆ ಎಲ್ಲದಕ್ಕೂ ಜೀವಕೋಶ ಅಂತಾರೆ, ರಕ್ತಕ್ಕೆ ಬಂದ್ರೆ ಮಾತ್ರ ರಕ್ತಕಣ ಯಾಕೆ, ಅದೂ ಕೋಶನೇ ಅಲ್ವಾ ಅಂತ. ನಾನು ತಲೆ ಕೆರ್ಕೊಳ್ತಿರೋವಾಗ್ಲೇ ಟಿವಿಲಿ 'ಕಣದಲ್ಲಿ ಉಳಿದವರು' ಅಂತ ಶುರುವಾಯ್ತು, ಒಳಗಿಂದ ಅಮ್ಮ 'ಆ ರವಿಕೆ ಕಣ ಎಲ್ಲಿಟ್ಯೋ' ಅಂದ್ರು. ಇವೆಲ್ಲಾ ಒಂದೇ ಪದನಾ, ಬೇರೆ ಬೇರೆನಾ?

ಮೇಟಿಕಂಬ: ಎಲ್ಲಾ ಒಂದೇ ಸಾರ್. ಕಣ ಅಂದ್ರೆ ಒಕ್ಕಣೆ ಕಣ, ಅಲ್ಲಿ ಉದುರೋ ಕಾಳೂ ಕಣ. ವೈಶೇಷಿಕ ದರ್ಶನದ ಕಣಾದ ಮುನಿ ಹೊಲದಲ್ಲಿ ಬಿದ್ದ ಕಾಳು ಆಯ್ದು ತಿಂತಿದ್ದನಂತೆ, ಅದಕ್ಕೇ ಆ ಹೆಸರು, ಪರಮಾಣು ಬಗ್ಗೆ ಹೇಳಿದವನೂ ಅವನೇ. ಕಾಳಿಂದ ಅಣುವಿಗೆ ಹೋಯ್ತು. ಮುಗೀತು.

ಹಳಗನ್ನಡದ ಹುಚ್ಚ: ಮುಗೀಲಿಲ್ಲ. ಕಾಳು, ಅಣು ಅನ್ನೋ ಅರ್ಥದ ಕಣ ಸಂಸ್ಕೃತದ್ದು. ಒಕ್ಕಣೆ ಕಣ ದ್ರಾವಿಡದ್ದು, ಹಳಗನ್ನಡದಲ್ಲಿ ಕಳ ಅಂತಲೂ ಇದೆ, ತಮಿಳಲ್ಲಿ ಕಳಂ. ಬರೋ ಮತ್ತು ಎಮಿನೋ ಮಾಡಿದ ದ್ರಾವಿಡ ನಿಘಂಟಲ್ಲಿ ಎಲ್ಲಾ ಒಂದೇ ಕಡೆ ಸಿಗುತ್ತೆ. ತಮಿಳರು ಯುದ್ಧಭೂಮಿಗೂ ಕಳಂ ಅಂತಾರೆ, ಚುನಾವಣೆಗೂ ಕಳಂ ಅಂತಾರೆ. ಅಂದ್ರೆ ಚುನಾವಣಾ ಕಣ ರಾಗಿ ಕಣದ ಮೊಮ್ಮಗ, ರಕ್ತಕಣ ಇವರ ಮನೆಯೋನೇ ಅಲ್ಲ. ರವಿಕೆ ಕಣ ಮೂರನೇದು, ಅದೇನೋ ಬಟ್ಟೆ ತುಂಡು, ಬಿಡಿ.

ಗುಡ್ಡದಾಕಿ: 'ಅದೇನೋ ಬಟ್ಟೆ ತುಂಡು' ಅಂದ್ರ ಹೆಂಗ್ರಿ? ಮೊದಲ ಅದು ಕಣ ಅಲ್ಲ, ಖಣ. ನಮ್ಮದು ಗುಳೇದಗುಡ್ಡ, ಮಗ್ಗದ ಮನಿ. ಎರಡೂ ಬಾಜೂ ದಡಿ ಇರತೈತಿ, ನಡುವ ಬುಟ್ಟಾ, ಇಳಕಲ್ ಸೀರಿ ಉಟ್ಟರ ಮ್ಯಾಲ ಅದೇ ಕುಪ್ಪಸ ಬೇಕು. ಕಂಡ ಕಂಡ ಬಟ್ಟಿ ಹರದು ಕೊಟ್ಟರ ಖಣ ಆಗೂದಿಲ್ಲ.

ಮಂಡ್ಯದ ಮಾವ: ನಮ್ಮ ಕಡೆ ಎಲ್ರೂ ರವಿಕೆ ಕಣ ಅಂತ್ಲೇ ಅನ್ನೋದು ಕಣಮ್ಮ. ಮದುವೆ ಸಾಮಾನಿನ ಚೀಟೀಲಿ ಅರಿಶಿನ ಕುಂಕುಮ ಆದ್ಮೇಲೆ 'ರವಿಕೆ ಕಣ 51' ಅಂತ ನಮ್ಮಜ್ಜಿ ಕೈಬರಹದಲ್ಲೇ ಐತೆ. ಅಜ್ಜಿ ತಪ್ಪಾ?

ಗುಡ್ಡದಾಕಿ: ಅಜ್ಜಿ ತಪ್ಪಲ್ಲ, ನಿಮ್ಮ ಕಡೆ ಹೊಟ್ಟ್ಯಾಗಿಂದ ಉಸುರು ಬರೂದಿಲ್ಲ, ಅಷ್ಟ. ಮರಾಠಿಯೊಳಗೂ ಖಣ ಅಂತಾರ.

ಮಂಡ್ಯದ ಮಾವ: ಓಹೋ, ಕನ್ನಡಕ್ಕೆ ಮರಾಠಿ ಸಾಕ್ಷಿನಾ? ಚೆನ್ನಾಗೈತೆ.

ಹಳಗನ್ನಡದ ಹುಚ್ಚ: ಮಾವ ಹೇಳ್ತಿರೋದ್ರಲ್ಲಿ ಪಾಯಿಂಟ್ ಇದೆ. ಕನ್ನಡದ ಬಾಯಿಗೆ ಮಹಾಪ್ರಾಣ ಬೇಕಾಗಿಲ್ಲ. ಭಾಷಾವಿಜ್ಞಾನಿ ಶಂಕರ ಬಟ್ಟರು ಬರವಣಿಗೆಯಿಂದಲೇ ಬಿಡಿ ಅಂದ್ರು, ಭಟ್ ಅನ್ನೋ ತಮ್ಮ ಹೆಸರನ್ನೇ ಬಟ್ ಅಂತ ಬರೆದ್ರು.

ಗುಡ್ಡದಾಕಿ: ಹಂಗಾರ ಖಾರ ತಿನ್ನೂದು ಬಿಟ್ಟು ಕಾರ್ ತಿನ್ರಿ.

ಪರಮಾಣು ಮೇಷ್ಟ್ರು: ಜಗಳದ ಮಧ್ಯೆ ಆ ಹುಡುಗಿ ಪ್ರಶ್ನೆಗೆ ಉತ್ತರ ಕೊಡ್ಲಾ? ಇಂಗ್ಲಿಷಲ್ಲಿ ಮೊದಲು ರಕ್ತದವಕ್ಕೆ ಕಾರ್ಪಸಲ್ ಅಂತಿದ್ರು, ಅಂದ್ರೆ ಪುಟ್ಟ ಒಡಲು. ನ್ಯೂಟನ್ನನ ಬೆಳಕಿನ ಸಿದ್ಧಾಂತಕ್ಕೂ ಅದೇ ಪದ, ಅದನ್ನ ನಾವು ಕಣಸಿದ್ಧಾಂತ ಅಂತೀವಿ. ಇಂಗ್ಲಿಷಲ್ಲಿ ಈಗ ಸೆಲ್ ಅನ್ನೋದೇ ರೂಢಿ, ನಮ್ಮ ಪುಸ್ತಕದಲ್ಲಿ ಕಣ ಹಾಗೇ ಉಳ್ಕೊಂಡಿದೆ. ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇಲ್ಲ, ಸುಮಾರು 120 ದಿನ ಬದುಕುತ್ತೆ. ಬಿಳಿದಕ್ಕೆ ಕೋಶಕೇಂದ್ರ ಇದೆ, ಆದ್ರೂ ಕಣ ಅಂತೀವಿ. ಹೆಸರು ನೋಡಿ ಅದು ಕೋಶ ಅಲ್ಲ ಅಂತ ಉತ್ತರ ಬರೀಬೇಡಿ. ಹಾಗೇ 2012 ಜುಲೈ 4ಕ್ಕೆ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನ್ ಅನ್ನೋ ಮೂಲಕಣ ಸಿಕ್ಕಿದ್ದು ಹೇಳಿದಾಗ ಪತ್ರಿಕೆಗಳು ದೇವಕಣ ಅಂದಿದ್ದೂ ತಲೆನೋವೇ.

ಮೇಟಿಕಂಬ: ದೇವಕಣ ಅಂದ್ರೆ ಏನ್ ತಪ್ಪು ಮೇಷ್ಟ್ರೇ? ನಮ್ಮಲ್ಲಿ ಕಣಾನೇ ದೇವರು. ನೆಲ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ, ಮಧ್ಯೆ ಮೇಟಿ ನೆಟ್ಟು ಎತ್ತು ತಿರುಗಿಸ್ತಿದ್ವಿ, ಚಪ್ಪಲಿ ಮೆಟ್ಕೊಂಡು ಒಳಗೆ ಕಾಲಿಟ್ರೆ ತಾತ ಬಾರುಕೋಲು ಎತ್ತೋನು. ರಾಶಿ ಮೇಲೆ ಸಗಣಿ ಬೆನಕ, ಅದಕ್ಕೊಂದು ಗರಿಕೆ.

ಪರಮಾಣು ಮೇಷ್ಟ್ರು: ನಾನು ಹೇಳಿದ್ದು ಕಾರ್ಪಸಲ್ ಬಗ್ಗೆ.

ಕಡಲ ತಡಿ: ಈಗ ಎಲ್ಲಿದೆ ಮಾರಾಯ್ರೇ ನಿಮ್ಮ ದೇವರು? ತುಮಕೂರು ಕಡೆ ಹೋಗುವಾಗ ಟಾರು ರೋಡ್ ತುಂಬಾ ಹುರುಳಿ ಸೊಪ್ಪು ಹರಡಿರ್ತಾರೆ, ನನ್ನ ಕಾರಿನ ಅಡಿಗೆ ಸುತ್ತಿಕೊಂಡು ಹೊಗೆ ಬಂದು, ಇಳಿದು ಕತ್ತರಿಯಲ್ಲಿ ಕತ್ತರಿಸಿ ತೆಗೀಬೇಕಾಯ್ತು. ಎತ್ತಿನ ಕೆಲಸ ನಮ್ಮ ಟೈರಿಗೆ, ಅದೂ ಬಿಟ್ಟಿ. ನಮ್ಮಲ್ಲಿ ಕಣವೂ ಇಲ್ಲ, ಕಿರಿಕಿರಿಯೂ ಇಲ್ಲ, ಅಂಗಳದಲ್ಲೇ ಪಡಿಮಂಚಕ್ಕೆ ಭತ್ತ ಬಡಿಯೋದು.

ಮೇಟಿಕಂಬ: ಬಿಟ್ಟಿನಾ? ಎತ್ತು ಸಾಕೋಕೆ ಆಗ್ದೆ ಮಾರಿರೋನು ರೋಡಿಗೆ ಹಾಕದೆ ನಿಮ್ಮ ಅಂಗಳಕ್ಕೆ ತರ್ಬೇಕಾ? ಕಾರಲ್ಲಿ ಕತ್ತರಿ ಇಟ್ಕೊಂಡು ಓಡಾಡೋ ಜನ!

ಕಡಲ ತಡಿ: ಕತ್ತರಿ ಹೆಂಡತಿದು. ಮತ್ತೆ ರಾತ್ರಿ ಆ ರಾಶಿ ಸುತ್ತ ಕಲ್ಲು ಇಟ್ಟು ಹೋಗ್ತಾರಲ್ಲ, ಬೈಕಿನವ ಬಿದ್ದು ಸತ್ರೆ?

ಮಂಡ್ಯದ ಮಾವ: ಕಲ್ಲಿಡೋದು ತಪ್ಪು, ಒಪ್ತೀನಿ. ಆದ್ರೆ ಅದು ಖಣ ಅಲ್ಲ ಅನ್ನೋದು ಮಾತ್ರ ಒಪ್ಪಲ್ಲ... ಅಲ್ಲಲ್ಲ, ಕಣ ಅಲ್ಲ ಅನ್ನೋದು.

ಗುಡ್ಡದಾಕಿ: ನೋಡ್ರಿ, ಖಣ ಅಂತ ತಾನಾಗೇ ಬಂತು! ಸ್ಕ್ರೀನ್‌ಶಾಟ್ ತಗೊಂಡೇನಿ.

ಮಂಡ್ಯದ ಮಾವ: ಅದು ಕೀಬೋರ್ಡ್ ತಪ್ಪು.

ಗುಡ್ಡದಾಕಿ: ನಿಮ್ಮ ಕೀಬೋರ್ಡಿಗೂ ಗೊತ್ತೈತಿ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಬೇರು ಹಾಕಿ ಮ್ಯಾಲ ಖಣ ಇಡತೀವಿ. ನೀವು ಅಲ್ಲಿ ರಾಗಿ ಕಣ ಇಡತೀರೇನು?

ಮಂಡ್ಯದ ಮಾವ: ನಮ್ದು ಮಡ್ಲಕ್ಕಿ, ಅದ್ರಲ್ಲೂ ರವಿಕೆ ಕಣನೇ. ನಿಮ್ಮತ್ರ ಕೇಳ್ಕೊಂಡು ಇಡ್ಬೇಕಾ?

ಹಳಗನ್ನಡದ ಹುಚ್ಚ: 'ಕಣಮ್ಮ', 'ಕಣೋ' ಅಂತೀರಲ್ಲ, ಅದು ನಾಲ್ಕನೇ ಕಣ. ವಚನಗಳಲ್ಲಿ 'ಕಾಣಾ' ಅಂತ ಬರುತ್ತಲ್ಲ, ನೋಡು ಅನ್ನೋ ಅರ್ಥದ್ದು, ಅದೇ ಸವೆದು ಹೀಗಾಗಿದೆ. ಈ ಚರ್ಚೆಯಲ್ಲಿ ಅತಿ ಹೆಚ್ಚು ಬಳಸಿದ ಕಣ ಬಹುಶಃ ಅದೇ, ಯಾರೂ ಗಮನಿಸಿಲ್ಲ.

ಮಂಡ್ಯದ ಮಾವ: ಬಹುಶಃ ಅಂದ್ರೆ? ಎಣಿಸಿದ್ದೀರಾ?

ಎಂಟನೇ ಕ್ಲಾಸಪ್ಪ: ಮೇಷ್ಟ್ರೇ, ನಿಮ್ಮ ಉತ್ತರ ಮಗಳಿಗೆ ಓದಿ ಹೇಳಿದೆ, ಥ್ಯಾಂಕ್ಸ್. ಹಾಗಾದ್ರೆ ಪರೀಕ್ಷೇಲಿ ರಕ್ತಕೋಶ ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಅಂತ ಕೇಳ್ತಿದ್ದಾಳೆ.

ಪರಮಾಣು ಮೇಷ್ಟ್ರು: ನಾನು ಕೊಡ್ತೀನಿ. ಪೇಪರ್ ತಿದ್ದೋದು ನಾನಲ್ಲ.

ಗುಡ್ಡದಾಕಿ: ಅಮ್ಮಗ ರವಿಕೆ ಖಣ ಸಿಕ್ತಾ ಇಲ್ಲಾ?