2 ಟನ್ ಲೇತ್ ರ‍್ಯಾಂಪ್ ಹತ್ತಿಸಬೇಕು, ಎಷ್ಟು ಟನ್ನಿನ ವಿಂಚ್ ಬೇಕು?

ಲೇತ್_ಹುಚ್ಚು:
ಎಲ್ರಿಗೂ ನಮಸ್ಕಾರ. ಹಳೇ ಲೇತ್ (ಲೋಹ ಕಡೆಯೋ ಯಂತ್ರ) ಒಂದು ಸಿಕ್ಕಿದೆ, ತೂಕ ಹತ್ತಿರ ಹತ್ತಿರ 2 ಟನ್. ಶೆಡ್ ಎತ್ತರದಲ್ಲಿದೆ, 10 ಮೀಟರ್ ಕಾಂಕ್ರೀಟ್ ರ‍್ಯಾಂಪ್, 4 ಅಡಿಗೆ 1 ಅಡಿ ಏರು. ಮೇಲೆ ಹೋದ್ಮೇಲೆ ಅರ್ಧ ಅಡಿ ಎತ್ತರದ ಫೌಂಡೇಶನ್ ಮೇಲೆ ಕೂರಿಸಬೇಕು. ಕ್ರೇನ್ ಒಳಗೆ ಬರಲ್ಲ. ಜೀಪಿಗೆ ಹಾಕ್ತಾರಲ್ಲ ಆ ತರದ ಎಲೆಕ್ಟ್ರಿಕ್ ವಿಂಚ್ (ಡ್ರಮ್ಮಿಗೆ ಹಗ್ಗ ಸುತ್ತಿ ಎಳೆಯೋದು) ತಗೊಂಡ್ರೆ ಎಳೆಯೋಕೂ ಎತ್ತೋಕೂ ಎರಡಕ್ಕೂ ಆಗುತ್ತಾ? ಮಾಡಿರೋರು ಹೇಳಿ ಪ್ಲೀಸ್.

ಗ್ರೀಸ್_ಕೈ:
ಎಳೆಯೋಕೆ ಆಗುತ್ತೆ, ಎತ್ತೋಕೆ ಬೇಡ. ಎತ್ತೋ ವಿಷಯ ಆಮೇಲೆ, ಮೊದಲು ಲೆಕ್ಕ ನೋಡಿ. 4ಕ್ಕೆ 1 ಏರು ಅಂದ್ರೆ ತೂಕದ ಕಾಲು ಭಾಗ, ಅಂದಾಜು 500 ಕೆಜಿ, ಇಳಿಜಾರೇ ಕೆಳಗೆ ಎಳೀತಿರುತ್ತೆ. ಅದರ ಮೇಲೆ ಉಜ್ಜಾಟ. ಮರದ ದಿಮ್ಮಿ ಮೇಲೆ ಲೇತ್ ಬೋಲ್ಟ್ ಮಾಡಿ ಕಾಂಕ್ರೀಟ್ ಮೇಲೆ ಜಾರಿಸಿದ್ರೆ ತೂಕದ ಅರ್ಧದಷ್ಟು ಅಂತ ಇಟ್ಕೊಳ್ಳಿ, ಇನ್ನೊಂದು 1000 ಕೆಜಿ ಹತ್ತಿರ. ಒಟ್ಟು 1500. ನಿಂತಿದ್ದನ್ನ ಅಲುಗಾಡಿಸೋಕೆ ಇನ್ನೂ ಸ್ವಲ್ಪ ಜಾಸ್ತಿನೇ ಬೇಕು. ಹಾಗಾಗಿ 2 ಟನ್ ವಿಂಚ್ ಅಂದ್ರೆ ಬರೀ ದಡ ಮುಟ್ಟಿಸುತ್ತೆ, 3 ಟನ್ ಇದ್ರೆ ನೆಮ್ಮದಿ.

ಇಲ್ಲೊಂದು ವಿಷಯ ಅಂಗಡೀಲಿ ಯಾರೂ ಹೇಳಲ್ಲ. ವಿಂಚ್ ಮೇಲೆ ಬರೆದಿರೋ ಟನ್ನು ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ. ಹಗ್ಗ ಪದರದ ಮೇಲೆ ಪದರ ಸುತ್ತಿಕೊಳ್ತಾ ಹೋದಂಗೆ ಡ್ರಮ್ ದಪ್ಪ ಆದಂಗಾಗಿ ವೇಗ ಜಾಸ್ತಿ ಆಗುತ್ತೆ, ಎಳೆಯೋ ಬಲ ಇಳಿಯುತ್ತೆ, ಒಂದೊಂದು ಪದರಕ್ಕೆ ಶೇ. 10-15ರಷ್ಟು ಹೋಗುತ್ತೆ. ನಿಮ್ಮ ಕೇಸಲ್ಲಿ ಶುರುವಲ್ಲಿ ಹಗ್ಗ ಪೂರ್ತಿ ಬಿಟ್ಟಿರ್ತೀರ, ಸಲೀಸಾಗಿ ಬರುತ್ತೆ, ರ‍್ಯಾಂಪ್ ತುದಿಗೆ ಬಂದಾಗ ಮೋಟರ್ ಮುಕ್ಕರಿಯೋಕೆ ಶುರು ಮಾಡುತ್ತೆ, ಅದೂ ಅಲ್ಲೊಂದ್ಸಲ ನಿಲ್ಲಿಸಿ ಮತ್ತೆ ಎಳೆಯೋಕೆ ಹೋದ್ರಂತೂ. ಹಾಗಂತ ಹಗ್ಗ ಪೂರ್ತಿ ಖಾಲಿ ಮಾಡಿ ಶುರು ಮಾಡಬೇಡಿ, ವೈರ್ ರೋಪ್ ಆದ್ರೆ ಡ್ರಮ್ ಮೇಲೆ ಕನಿಷ್ಠ 5 ಸುತ್ತು, ಸಿಂಥೆಟಿಕ್ ಹಗ್ಗ ಆದ್ರೆ 8-10 ಸುತ್ತು ಇರಲೇಬೇಕು. ಹಗ್ಗದ ತುದಿಯ ಸ್ಕ್ರೂ ಲೋಡ್ ತಡೆಯೋಕಲ್ಲ ಇರೋದು, ತಡೆಯೋದು ಆ ಸುತ್ತುಗಳ ಬಿಗಿತ.

ಬ್ಯಾಟರಿ ಬಗ್ಗೆನೂ ಯೋಚಿಸಿ, 12 ವೋಲ್ಟಿನ ದೊಡ್ಡ ವಿಂಚ್ ಪೂರ್ತಿ ಲೋಡಲ್ಲಿ 400 ಆಂಪ್ ಹತ್ತಿರ ಕುಡಿಯುತ್ತೆ. ಗಾಡಿ ಇಂಜಿನ್ ಆನ್ ಇರಲಿ, ಸ್ವಲ್ಪ ಎಳೆದು ಮೋಟರ್ ಆರೋಕೆ ಬಿಡಿ.

ರಾಟೆ_ಹಗ್ಗ:
ಗ್ರೀಸ್ ಸರ್ ಲೆಕ್ಕ ಸರಿಯಿದೆ, ಆದ್ರೆ ವಿಂಚಿಗಿಂತ ಮುಂಚೆ ನಾನು ಕೇಳೋದು, ವಿಂಚನ್ನ ಯಾವುದಕ್ಕೆ ಕಟ್ತೀರ? ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ಹೊಡೆದು ಕಟ್ಟೋ ಯೋಚನೆ ಇದ್ರೆ ಈಗ್ಲೇ ಬಿಟ್ಬಿಡಿ. ಕಾಂಕ್ರೀಟ್ ಕಂಬದ ಬುಡಕ್ಕೆ, ನೆಲಕ್ಕೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ, ಬೆಲ್ಟ್ (ಭಾರ ಕಟ್ಟೋ ಗಟ್ಟಿ ಪಟ್ಟಿ) ಹಾಕಿ, ಕಂಬದ ಮೂಲೆಗಳಿಗೆ ಮರದ ಚೂರು ಇಡಿ, ಇಲ್ಲಾಂದ್ರೆ ಮೂಲೆ ಬೆಲ್ಟನ್ನ ಕತ್ತರಿಸುತ್ತೆ.

ಲೇತಿಗೆ ಒಂದು ಸ್ನ್ಯಾಚ್ ಬ್ಲಾಕ್ (ಪಕ್ಕ ತೆರೆದು ಹಗ್ಗ ಕೂರಿಸೋ ರಾಟೆ) ಕಟ್ಟಿ, ಹಗ್ಗ ಅದರ ಮೂಲಕ ವಾಪಸ್ ಮೇಲೆ ಬಂದು ಇನ್ನೊಂದು ಕಂಬಕ್ಕೆ ಕಟ್ಟಿದ್ರೆ, ರಾಟೆಯ ಸಣ್ಣ ನಷ್ಟ ಬಿಟ್ಟು, ವಿಂಚಿಗೆ ಅರ್ಧ ಭಾರ, ವೇಗನೂ ಅರ್ಧ. ನಿಧಾನ ಆಗೋದು ಇಲ್ಲಿ ಲಾಭನೇ. ಆದ್ರೆ ಹಗ್ಗ ಎರಡರಷ್ಟು ಬೇಕು. ಇನ್ನು ದಿಕ್ಕು ತಿರುಗಿಸೋಕೆ ಪಕ್ಕದ ಕಂಬಕ್ಕೆ ರಾಟೆ ಕಟ್ತೀರಾದ್ರೆ, ಹಗ್ಗ 90 ಡಿಗ್ರಿ ತಿರುಗಿದ್ರೆ ಆ ಕಂಬಕ್ಕೆ ಹಗ್ಗದ ಎಳೆತದ 1.4 ಪಟ್ಟು, ಪೂರ್ತಿ ಹಿಂದಕ್ಕೆ ತಿರುಗಿದ್ರೆ 2 ಪಟ್ಟು ಬೀಳುತ್ತೆ. ಆ ರಾಟೆಯ ಶ್ಯಾಕಲ್ಲನ್ನ (ರಾಟೆ ಸಿಕ್ಕಿಸೋ ಯು ಆಕಾರದ ಕೊಂಡಿ) ವಿಂಚಿನ ಟನ್ನಿಗೆ ಸರಿಯಾಗಿ ತಂದಿರ್ತಾರೆ ಜನ, ಅಲ್ಲೇ ಎಡವಟ್ಟಾಗೋದು.

ವೈರ್ ರೋಪಿಗೆ ಕ್ಲಾಂಪ್ ಹಾಕಿ ಕಣ್ಣು ಮಾಡ್ತೀರಾದ್ರೆ ಯು ಬೋಲ್ಟ್ ಭಾಗ ತುಂಡು ತುದಿ (ಮಡಚಿ ತಂದ, ಲೋಡ್ ಹೊರದ ತುದಿ) ಮೇಲೆ, ಕ್ಲಾಂಪಿನ ತಳದ ಭಾಗ ಲೋಡ್ ಹೊರೋ ಹಗ್ಗದ ಮೇಲೆ, ಕಮ್ಮಿ ಅಂದ್ರೂ 3 ಕ್ಲಾಂಪ್. ಕೊನೇ ಕ್ಲಾಂಪ್ ಪಕ್ಕ ಆ ತುಂಡು ತುದಿಗೆ ಸೀಮೆಸುಣ್ಣದ ಗೆರೆ ಎಳೀರಿ. ಲೋಡ್ ಬಿದ್ದ ತಕ್ಷಣ ಹಗ್ಗ ಸ್ವಲ್ಪ ಸಣ್ಣ ಆಗುತ್ತೆ, ನಟ್ ಸಡಿಲ ಆಗುತ್ತೆ, ಗೆರೆ ಕ್ಲಾಂಪಿನ ಕಡೆ ಒಂದು ನೂಲು ಸರಿದಿದ್ರೂ ಲೋಡ್ ಇಳಿಸಿ ಮತ್ತೆ ಬಿಗಿ ಮಾಡಿ. ಹಗ್ಗ ಬಿಗಿ ಆದ್ಮೇಲೆ ಅದರ ನೇರಕ್ಕೂ, ತಿರುವಿನ ಒಳಗಡೆಗೂ ಯಾರೂ ನಿಲ್ಲಬಾರದು, ಲೇತಿನ ಹಿಂದೆ ತಳ್ಳೋಕೆ ಅಂತ ಕೂಡ. ಸಹಾಯಕ್ಕೆ ಬಂದೋರಿಗೆ ಕೈ ಕಟ್ಕೊಂಡು ನಿಲ್ಲೋದೇ ಕಷ್ಟದ ಕೆಲಸ, ಅದು ಬೇರೆ ಮಾತು.

ಲೇತ್_ಹುಚ್ಚು:
ತುಂಬಾ ಥ್ಯಾಂಕ್ಸ್. ಒಂದು ಡೌಟು, ಜಾರಿಸೋದ್ರ ಬದಲು ಕೆಳಗೆ ಪೈಪ್ ಹಾಕಿ ಉರುಳಿಸಿದ್ರೆ ಸಣ್ಣ ಕೈ ವಿಂಚೇ ಸಾಕಾಗಲ್ವಾ?

ಗ್ರೀಸ್_ಕೈ:
ಸಾಕಾಗುತ್ತೆ, ಅದೇ ತೊಂದರೆ. ಮರ ಕಾಂಕ್ರೀಟ್ ಮೇಲೆ ಉಜ್ಜಿಕೊಂಡು ಬರ್ತಿದ್ರೆ, ಆ ಏರಿನಲ್ಲಿ ಹಗ್ಗ ಕಿತ್ತು ಹೋದ್ರೂ ಲೇತ್ ಇದ್ದಲ್ಲೇ ಕೂರುತ್ತೆ, ಯಾಕಂದ್ರೆ ಉಜ್ಜಾಟ ಇಳಿಜಾರಿನ ಎಳೆತಕ್ಕಿಂತ ಜಾಸ್ತಿ. ಪೈಪ್ ಹಾಕಿದ್ರೆ ಆ ಉಜ್ಜಾಟನೇ ಹೋಯ್ತು, ಹಗ್ಗ ಹೋದ ಕ್ಷಣ ಲೇತ್ ಕೆಳಗೆ ಓಡುತ್ತೆ. ಪೈಪ್ ಏನಿದ್ರೂ ಮೇಲಿನ ಸಮತಟ್ಟು ನೆಲದಲ್ಲಿ. ದಿಮ್ಮಿಗೆ ಗ್ರೀಸ್ ಬಳಿಯೋ ಬುದ್ಧಿವಂತಿಕೆನೂ ಬೇಡ, ನನ್ನ ಹೆಸರಲ್ಲಿ ಗ್ರೀಸ್ ಇದೆ ಅಂತ. ಮರ ಒಣಗಿರಲಿ, ರ‍್ಯಾಂಪೂ ಒದ್ದೆ ಇರಬಾರದು, ಹಿಂದೆ ಒಂದು ಅಡ್ಡಗಟ್ಟೆ ಮರ ಸರಿಸ್ತಾ ಬನ್ನಿ, ಉದ್ದನೇ ಕೋಲಲ್ಲಿ, ಪಕ್ಕದಲ್ಲಿ ನಿಂತು.

ಕೈ ವಿಂಚಲ್ಲಿ ಎರಡು ತರ. ಬರೀ ಹಲ್ಲು ಕಚ್ಚೋದು ಒಂದು, ಅದರಲ್ಲಿ ಇಳಿಸೋಕೆ ಹಲ್ಲು ಬಿಡಿಸಿದ್ರೆ ಪೂರ್ತಿ ಭಾರ ಹ್ಯಾಂಡಲ್ ಮೇಲೆ ಬರುತ್ತೆ, ಕೈ ಜಾರಿದ್ರೆ ಹ್ಯಾಂಡಲ್ ಗಿರ್ ಅಂತ ತಿರುಗಿ ಮಣಿಕಟ್ಟು ಮುರಿಯುತ್ತೆ. ಇನ್ನೊಂದು ಬ್ರೇಕ್ ಇರೋದು, ಕೈ ಬಿಟ್ಟಲ್ಲೇ ನಿಲ್ಲುತ್ತೆ. ತಗೊಂಡ್ರೆ ಅದೇ.

ಪ್ಯಾಕಿಂಗ್_ಮೇಸ್ತ್ರಿ:
ಎಲ್ಲ ಓದ್ದೆ. ಟರ್ಫರ್ (ಲಿವರ್ ಆಡಿಸಿ ವೈರ್ ರೋಪ್ ಎಳೆಯೋ ಕೈ ಯಂತ್ರ) ಬಗ್ಗೆ ಯಾರೂ ಹೇಳಲಿಲ್ವಲ್ಲ? ಒಳಗೆ ಎರಡು ಜೊತೆ ದವಡೆ ಇರುತ್ತೆ, ಒಂದು ಹಗ್ಗ ಹಿಡಿದಾಗ ಇನ್ನೊಂದು ಮುಂದಕ್ಕೆ ಹೋಗುತ್ತೆ, ಬಾವಿಯಿಂದ ಎರಡು ಕೈಲಿ ಹಗ್ಗ ಸೇದಿದಂಗೆ. ಡ್ರಮ್ಮೇ ಇಲ್ಲ, ಹಾಗಾಗಿ ಪದರದ ರಗಳೆ ಇಲ್ಲ, ಮೊದಲಿಂದ ಕೊನೇವರೆಗೂ ಒಂದೇ ಬಲ. 1.6 ಟನ್, 3.2 ಟನ್ ಎರಡೂ ಬರುತ್ತೆ, ನಿಮಗೆ 3.2, ಬಾಡಿಗೆಗೆ ಸಿಕ್ಕಿದ್ರೆ ಕೊಳ್ಳೋ ಗೋಜೂ ಇಲ್ಲ. ಹಗ್ಗ ಅದರದ್ದೇ ಆಗಬೇಕು. ಓವರ್‌ಲೋಡ್ ಆದ್ರೆ ಲಿವರಿನ ಶಿಯರ್ ಪಿನ್ ಕಟ್ ಆಗುತ್ತೆ, ಅಲ್ಲಿಗೆ ಮೊಳೆ ತುರುಕೋ ಮಹಾನುಭಾವರನ್ನ ಹತ್ರ ಸೇರಿಸಬೇಡಿ.

ಇನ್ನು ಎತ್ತೋದು. ಜೀಪ್ ವಿಂಚ್ ಬೇಡ ಅಂದಿದ್ದು ಸರಿ. ಅದನ್ನ ಮಾಡಿರೋದೇ ಎಳೆಯೋಕೆ, ಸುಮಾರು ಮಾಡೆಲ್‌ಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗಿರುತ್ತೆ, ಭಾರ ಇಳಿಸ್ತಾ ಹೋದ್ರೆ ಕಾದು ಹೋಗುತ್ತೆ, ಸಿಂಥೆಟಿಕ್ ಹಗ್ಗ ಇದ್ರೆ ಒಳಗಿನ ಪದರನೂ ಹಾಳಾಗುತ್ತೆ. ಆದ್ರೆ ನನ್ನ ಕೇಳಿದ್ರೆ ಅರ್ಧ ಅಡಿಗೆ ಲೇತನ್ನ ನೇತು ಹಾಕೋದೇ ಬೇಡ. ಟೋ ಜ್ಯಾಕ್ (ನೆಲದ ಹತ್ತಿರದ ನಾಲಿಗೆ ಮೇಲೆ ಭಾರ ಎತ್ತೋ ಜ್ಯಾಕ್) ಎರಡು ತನ್ನಿ, ಒಂದು ತುದಿ ಒಂದು ಇಂಚು ಎತ್ತಿ, ಮರದ ಪ್ಯಾಕಿಂಗ್ ಇಡಿ, ಇನ್ನೊಂದು ತುದಿಗೆ ಹೋಗಿ. ಜ್ಯಾಕ್ ಎತ್ತುವಾಗಲೇ ಪ್ಯಾಕಿಂಗ್ ಹಿಂದೆನೇ ಬರ್ತಿರಬೇಕು, ಕೈ ಮಾತ್ರ ಕೆಳಗೆ ಹೋಗಬಾರದು. ಫೌಂಡೇಶನ್ ಮಟ್ಟಕ್ಕೆ ಬಂದ್ಮೇಲೆ ಪೈಪ್ ಮೇಲೆ ಪಕ್ಕಕ್ಕೆ ಸರಿಸಿ.

ನೇತು ಹಾಕಲೇಬೇಕು ಅಂದ್ರೆ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತೋದು), ಮೇಲಿನ ಬೀಮ್ ತಡೆಯುತ್ತೆ ಅಂತ ಗೊತ್ತಿದ್ರೆ ಮಾತ್ರ. ಹೆಡ್‌ಸ್ಟಾಕ್ (ಗೇರ್ ಪೆಟ್ಟಿಗೆ ಇರೋ ತುದಿ) ಕಡೆ ಭಾರ ಜಾಸ್ತಿ ಇರೋದ್ರಿಂದ, ಬೆಡ್ ಮೇಲೆ ಜಾರೋ ಟೇಲ್‌ಸ್ಟಾಕು, ಕ್ಯಾರೇಜು ಎರಡನ್ನೂ ಅದರ ಎದುರು ತುದಿಗೆ ಸರಿಸಿ ಲಾಕ್ ಮಾಡಿ, ಎತ್ತೋ ಬೆಲ್ಟ್ ಲೀಡ್ ಸ್ಕ್ರೂ (ಮುಂದಿನ ಉದ್ದ ತಿರುಪಿನ ಕಂಬಿ) ಒತ್ತದಂಗೆ ಮರ ಕೊಡಿ, ನೆಲದಿಂದ ಎರಡು ಬೆರಳು ಎತ್ತಿ ನೋಡಿ, ವಾಲಿದ್ರೆ ಇಳಿಸಿ ಬೆಲ್ಟ್ ಸರಿಸಿ.

ಲೇತ್_ಹುಚ್ಚು:
ಸರಿ, ಎತ್ತೋ ಪ್ಲಾನ್ ಕೈಬಿಟ್ಟೆ, ಜ್ಯಾಕೇ. ಟರ್ಫರ್ ಬಾಡಿಗೆಗೆ ವಿಚಾರಿಸ್ತೀನಿ. ಕಂಬದ ಫೋಟೋ ನಾಳೆ ಹಾಕ್ತೀನಿ, ರಾಟೆ ಸರ್ ಒಂದ್ಸಲ ನೋಡಿ ಹೇಳಿ.