ಸಹಾಯ ಬೇಕು: ಗೆರೆಗಳಿಗೆ ಬಾಣದ ತುದಿ ಇಡುವ ಲೆಕ್ಕ

ಗಣಿತದ ಗೆಳೆಯರಿಗೆ ನಮಸ್ಕಾರ. ಮೂರು ವಾರಗಳಿಂದ ಒಂದೇ ಹೆಜ್ಜೆಯಲ್ಲಿ ನಿಂತುಬಿಟ್ಟಿದ್ದೇನೆ.

ಘನಗೋಳದ ಪ್ರತಿ ಬಿಂದುವಿನಲ್ಲೂ ದಿಕ್ಕಿಲ್ಲದ ಒಂದು ಗೆರೆ ಇದೆ ಎಂದುಕೊಳ್ಳಿ, ನೆಮ್ಯಾಟಿಕ್ ದ್ರವಸ್ಫಟಿಕದಲ್ಲಿ (ಕಡ್ಡಿಯಂಥ ಅಣುಗಳು ಒಂದೇ ನೇರದಲ್ಲಿ ಸಾಲಾಗುವ ದ್ರವ) ಇರುವ ಹಾಗೆ. ಬಿಂದುವಿನಿಂದ ಗೆರೆಗೆ ಹೋಗುವ ಈ ನಿಯಮವನ್ನು ನಕ್ಷೆ ಎನ್ನೋಣ. ಅವಕ್ಕೆಲ್ಲ ಬಾಣದ ತುದಿ ಇಡುವುದೇ ಲಿಫ್ಟಿಂಗ್: ಪ್ರಕ್ಷೇಪ ಸಮತಲದಿಂದ (ಇಂಥ ಗೆರೆಗಳೆಲ್ಲ ಸೇರಿದ ಜಾಗ) ಅದರ ಎರಡು ಪದರದ ಹೊದಿಕೆಯಾದ ಗೋಳಮೈಗೆ (ಬಾಣಗಳೆಲ್ಲ ಸೇರಿದ ಜಾಗ; ಪ್ರತಿ ಗೆರೆಗೆ ಎರಡು ಬಾಣ) ಏರುವುದು.

ನಕ್ಷೆ ಎಷ್ಟು ನಯ ಎಂದು ಅಳೆಯುವ ಸೊಬೊಲೆವ್ ದರ್ಜೆ ಎಸ್ 0 ಮತ್ತು 1ರ ನಡುವೆ ಇದೆ; ಪಿ ಎಂಬುದು ಅದೇ ಅಳತೆಯಲ್ಲಿ ವ್ಯತ್ಯಾಸಗಳಿಗೆ ಹಾಕುವ ಘಾತ. ಎಸ್-ಪಿ ಗುಣಲಬ್ಧ 1 ಅಥವಾ ಹೆಚ್ಚು, ಆದರೆ 2ಕ್ಕಿಂತ ಕಡಿಮೆಯಾದರೆ ತೊಡಕು ಟೊಪಾಲಜಿಯದು, ಅಂದರೆ ಆಕಾರದ್ದು. ಅಕ್ಷವೊಂದನ್ನು ಸುತ್ತಿ ಬಂದಾಗ ಬಾಣ ತಿರುಗುಮುರುಗಾಗಿರುತ್ತದೆ. ಅಷ್ಟು ಅರ್ಥವಾಗಿದೆ. ಕಷ್ಟವಿರುವುದು ಆ ಗುಣಲಬ್ಧ 2ರಿಂದ 3ರೊಳಗೆ ಇದ್ದಾಗ. ನಕ್ಷೆಯ ಬೆಲೆಗಳು ಗೆರೆಗಳ ಬದಲು ವೃತ್ತದ ಬಿಂದುಗಳಾದರೆ ಅಲ್ಲಿ ಲಿಫ್ಟ್ ತಪ್ಪಬಹುದೆಂದು ಗಣಿತಜ್ಞರಾದ ಬುರ್ಗೇನ್, ಬ್ರೆಜಿಸ್, ಮಿರೊನೆಸ್ಕು 2000ರಲ್ಲಿ ತೋರಿಸಿದರು: ಹೊದಿಕೆ ಇಡೀ ಸಂಖ್ಯಾರೇಖೆ, ಕೋನ ಅನಂತಕ್ಕೆ ಓಡುತ್ತದೆ. ಹೊದಿಕೆ ಗೋಳಮೈಯ ಹಾಗೆ ಕಾಂಪ್ಯಾಕ್ಟ್ (ಅನಂತಕ್ಕೆ ಓಡಲು ಜಾಗವಿಲ್ಲದ್ದು) ಆದರೆ ಲಿಫ್ಟ್ ಸಿಗುತ್ತದೆ ಎಂದು ಮುಂದೆ ಮಿರೊನೆಸ್ಕು ಮತ್ತು ವಾನ್ ಶಾಫ್ಟಿಂಗನ್ ಸಾಧಿಸಿದರು. ಎಷ್ಟು ಚೆಲುವಾದ ಫಲಿತಾಂಶ!

ನನ್ನ ಪ್ರಶ್ನೆ ಇದು. ಎರಡು ಬಿಂದುಗಳಲ್ಲಿ ಗೆರೆಗಳು ಹೆಚ್ಚುಕಡಿಮೆ ಒಂದೇ, ಬಾಣಗಳು ಮಾತ್ರ ಎದುರುಬದುರು. ಬಾಣಗಳ ಸೊಬೊಲೆವ್ ಅಳತೆಯಲ್ಲಿ ಇಂಥ ಜೋಡಿಗಳ ಪಾಲನ್ನು ಗೆರೆಗಳ ಶಕ್ತಿಯಿಂದಲೇ (ಗೆರೆಗಳ ಅದೇ ಅಳತೆಯಿಂದಲೇ) ಮಿತಿಗೊಳಿಸುವುದು ಹೇಗೆ? ನಕ್ಷೆ ನಯವಾಗಿದ್ದರೆ ಎರಡನ್ನೂ ಸೇರಿಸುವ ರೇಖಾಖಂಡದಲ್ಲಿ ಗೆರೆ ಎಲ್ಲೋ ತಿರುಗಿರಲೇಬೇಕು. ಅದನ್ನು ಅಸಮತೆಯಾಗಿಸುವ ಹೆಜ್ಜೆಯನ್ನು ಯಾರಾದರೂ ಬಿಡಿಸಿ ಹೇಳುವಿರಾ? ನಾನು ಬರೆದಿಟ್ಟ ಪುಟಗಳನ್ನು ಕಳುಹಿಸುತ್ತೇನೆ.